ಕಾರು ಒಳಗೆ, ನಾವು ಹೊರಗೆ: ನಾಲ್ಕು ವರ್ಕ್‌ಶಾಪ್‌ಗಳಲ್ಲಿ ಕಂಡದ್ದು

ನನ್ನ ಕಾರಿನಲ್ಲಿ ಗ್ಲೋವ್ ಬಾಕ್ಸ್ ಕಳಚಿದರೆ ಹಿಂದೆ ಎಸಿ ಫಿಲ್ಟರ್ ಸಿಗುತ್ತದೆ. ಅದರ ಮೇಲೆ ಒಂದು ಬೇವಿನ ಎಲೆ ಬಿದ್ದಿತ್ತು. ಮನೆ ಮುಂದಿನ ಬೇವಿನ ಗಿಡದ ಕೆಳಗೇ ಗಾಡಿ ನಿಲ್ಲಿಸುತ್ತೇನೆ, ವೈಪರ್ ಕೆಳಗಿನ ಜಾಲರಿಯಿಂದ ಇಳಿದಿರಬೇಕು. ತೆಗೆಯೋಕೆ ಕೈ ಹಾಕಿದವನು, ಹೇಗೂ ನಾಡಿದ್ದು ಸರ್ವಿಸ್ ಇದೆಯಲ್ಲ, ಅವರೇ ತೆಗೆಯಲಿ ಅಂತ ಬಿಟ್ಟೆ. ಸರ್ವಿಸ್ ಆಯ್ತು. ಬಿಲ್ಲಿನಲ್ಲಿ ಎಸಿ ಫಿಲ್ಟರ್ ಕ್ಲೀನಿಂಗ್ ಅಂತ 350 ರೂಪಾಯಿ ಇತ್ತು. ಮನೆಗೆ ಬಂದು ಗ್ಲೋವ್ ಬಾಕ್ಸ್ ಕಳಚಿ ನೋಡಿದರೆ ಎಲೆ ಅಲ್ಲೇ ಇದೆ. ಸ್ವಲ್ಪ ಒಣಗಿತ್ತು, ಅಷ್ಟೇ.

ಇದರಲ್ಲಿ ನನಗೆ ಹೊಟ್ಟೆ ಉರಿದದ್ದು 350 ರೂಪಾಯಿಗಲ್ಲ. ಆವತ್ತು ಮೂರು ಗಂಟೆ ನಾನು ಅಲ್ಲೇ ಕೂತು ಕಾರನ್ನೇ ನೋಡುತ್ತಿದ್ದೆ!

ಅದಾದ ಮೇಲೆ ಎರಡೂವರೆ ವರ್ಷದಲ್ಲಿ ಇದೇ ಕಾರನ್ನು ಬೇರೆ ಬೇರೆ ಕಡೆ ಬಿಟ್ಟು ನೋಡಿದ್ದೇನೆ. ಹುಬ್ಬಳ್ಳಿ-ಧಾರವಾಡದಲ್ಲಿ ಒಂದೇ ಕಂಪನಿಯ ಮೂರು ಡೀಲರ್‌ಗಳು, ಜೊತೆಗೆ ಗದಗಿನ ಒಂದು ಗ್ಯಾರೇಜು. ರೇಟು, ವಾಷಿಂಗ್, ಚಹಾ ಎಲ್ಲ ಆಮೇಲಿನ ಮಾತು. ನಾನು ನೋಡಿದ್ದು ಒಂದೇ: ಕೆಲಸ ನಡೆಯುವಾಗ ಕಾರಿನ ಹತ್ತಿರ ನನ್ನನ್ನು ಬಿಡುತ್ತಾರೋ ಇಲ್ಲವೋ, ಬಿಟ್ಟರೆ ಅದರಿಂದ ಏನಾದರೂ ಉಪಯೋಗ ಇದೆಯೋ ಇಲ್ಲವೋ.

ಮೊದಲನೆಯದು ಆ ಎಲೆಯ ಡೀಲರ್. ಹುಬ್ಬಳ್ಳಿಯಲ್ಲೇ. ಏರ್‌ಪೋರ್ಟಿಗೆ ಹೋಗುವ ಗೋಕುಲ ರೋಡಿನಲ್ಲಿ ಸಾಲಾಗಿ ಶೋರೂಮ್‌ಗಳಿವೆಯಲ್ಲ, ಅಂಥದ್ದೇ ದೊಡ್ಡ ಕಟ್ಟಡ. ಒಳ್ಳೆ ಸೋಫಾ, ಎಸಿ, ಉದ್ದಕ್ಕೂ ಗಾಜಿನ ಗೋಡೆ. ಗಾಜಿನ ಆಚೆ ಬೇ, ಅಂದರೆ ಒಂದೊಂದು ಕಾರು ನಿಲ್ಲಿಸಿ ಕೆಲಸ ಮಾಡುವ ಜಾಗ; ಬೇಗಳಲ್ಲಿ ಲಿಫ್ಟ್. ಎಲ್ಲ ಪಾರದರ್ಶಕ ಅನ್ನಿಸುತ್ತದೆ. ಆದರೆ ಕಾರುಗಳು ಆ ಕಡೆಗೆ ಮೂತಿ ಮಾಡಿ ನಿಲ್ಲುತ್ತವೆ. ಮೂರು ಗಂಟೆ ನಾನು ನೋಡಿದ್ದು ನನ್ನ ಕಾರಿನ ಡಿಕ್ಕಿ. ಒಂದು ಸಲ ಹುಡುಗನೊಬ್ಬ ಎಡಗಡೆ ಬಾಗಿಲು ತೆಗೆದು ಒಳಗೆ ಬಗ್ಗಿದ. ಓ, ಫಿಲ್ಟರ್ ತೆಗೀತಿದ್ದಾನೆ ಅಂದುಕೊಂಡೆ. ಅವನು ಮ್ಯಾಟ್‌ಗೆ ವ್ಯಾಕ್ಯೂಮ್ ಹಾಕುತ್ತಿದ್ದ ಅಂತ ಈಗ ಗೊತ್ತಾಗುತ್ತಿದೆ.

ಬಾಗಿಲ ಹತ್ತಿರ ಹೋಗಿ, ಎರಡು ನಿಮಿಷ ನೋಡಿ ಬರ್ತೀನಿ ಅಂದೆ. ‘ಒಳಗ ಬಿಡಂಗಿಲ್ರಿ ಸರ್, ಸೇಫ್ಟಿ ರೂಲ್ಸ್ ಐತ್ರಿ’ ಅಂದ ಅಡ್ವೈಸರ್.

ನಿಜ ಹೇಳಬೇಕೆಂದರೆ ಅದು ಪೂರ್ತಿ ನೆಪವೂ ಅಲ್ಲ. ಲಿಫ್ಟಿನ ನಾಲ್ಕು ತೋಳುಗಳ ಮೇಲೆ ಒಂದು ಟನ್ ತೂಕ ನಿಂತಿರುತ್ತದೆ, ನೆಲದಲ್ಲಿ ಎಣ್ಣೆ ಇರುತ್ತದೆ, ಕಾಲಿಗೆ ಏರ್ ಪೈಪ್ ತೊಡರುತ್ತದೆ. ನಮ್ಮಲ್ಲಿ ಬಹಳ ಮಂದಿ ಚಪ್ಪಲಿಯಲ್ಲಿ, ಮಗುವನ್ನು ಎತ್ತಿಕೊಂಡು ಬಂದಿರುತ್ತಾರೆ. ಕಾರ್ಖಾನೆಗಳ ಕಾನೂನಿನಲ್ಲಿ ‘ತಯಾರಿಕೆ’ ಅನ್ನುವ ಮಾತಿನೊಳಗೆ ರಿಪೇರಿ, ಎಣ್ಣೆ ಹಾಕುವುದು, ತೊಳೆಯುವುದು ಕೂಡ ಬರುತ್ತದೆ. ಅಂದರೆ ದೊಡ್ಡ ವರ್ಕ್‌ಶಾಪ್ ಕಾನೂನಿನ ಕಣ್ಣಿಗೂ ಕಾರ್ಖಾನೆಯಂಥದ್ದೇ. ಎಲೆಕ್ಟ್ರಿಕ್ ಕಾರಿನ ಬೇ ಆದರಂತೂ ನಾನೇ ದೂರ ನಿಲ್ಲುತ್ತೇನೆ. ಆ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಇರುತ್ತದೆ, ಮೆಕ್ಯಾನಿಕ್ ಕೂಡ ಕರೆಂಟ್ ತಡೆಯುವ ಗ್ಲೌಸ್ ಇಲ್ಲದೆ ಮುಟ್ಟುವುದಿಲ್ಲ. ಅದೆಲ್ಲ ಸರಿ. ಆದರೆ ಒಳಗೆ ಬರಬೇಡಿ ಅನ್ನುವುದು ಬೇರೆ, ತೋರಿಸುವುದೇ ಇಲ್ಲ ಅನ್ನುವುದು ಬೇರೆ ಅಲ್ವಾ? ಎಲೆಯ ಫೋಟೋ ಕಳಿಸಿದ ಮೇಲೆ 350 ವಾಪಸ್ ಕೊಟ್ಟರು. ಫಿಲ್ಟರ್ ಹೇಗೆ ಉಳಿಯಿತು ಅಂತ ಮಾತ್ರ ಯಾರೂ ಹೇಳಲಿಲ್ಲ.

ಎರಡನೆಯ ಡೀಲರ್ ಹತ್ತಿರ ಕ್ಯಾಮೆರಾ ಇತ್ತು. ಗಾಡಿ ಬಿಟ್ಟ ಕೂಡಲೇ ಮೊಬೈಲಿಗೆ ಲಿಂಕ್ ಬರುತ್ತದೆ, ಎಲ್ಲಿ ಬೇಕಾದರೂ ಕೂತು ನೋಡಬಹುದು. ನಾನು ಉಣಕಲ್ ಕೆರೆ ಕಡೆ ಹೋಗಿ ಗಿರ್ಮಿಟ್ ತಿನ್ನುತ್ತಾ ನೋಡಿದೆ. ಕ್ಯಾಮೆರಾ ಛಾವಣಿಯಲ್ಲಿದೆ, ಹಾಗಾಗಿ ಕಾಣಿಸುವುದು ಕಾರಿನ ಟಾಪ್. ಲಿಫ್ಟ್ ಏರಿಸಿದರೆ ಟಾಪ್ ಇನ್ನೂ ಹತ್ತಿರ ಬರುತ್ತದೆ, ಅಷ್ಟೇ. ಕೆಲಸ ಎಲ್ಲ ಅಡಿಯಲ್ಲಿ. ಒಂದು ಉಪಯೋಗ ಆಯ್ತು. ‘ಗಾಡಿ ಲಿಫ್ಟ್ ಮ್ಯಾಲ ಐತ್ರಿ’ ಅಂತ ಫೋನಿನಲ್ಲಿ ಹೇಳುವಾಗ ಆ ಬೇ ಖಾಲಿ ಇರುವುದು ನನ್ನ ಕೈಯಲ್ಲೇ ಕಾಣುತ್ತಿತ್ತು. ಟೈಮ್ ಹಿಡಿಯೋಕೆ ಕ್ಯಾಮೆರಾ ಚೆನ್ನ. ಕೆಲಸ ನೋಡೋಕೆ ದಂಡ.

ಮೂರನೆಯದು ಧಾರವಾಡದ ಕಡೆ. ನೋಡೋಕೆ ಸುಮಾರು. ಗಾಜಿನ ಗೋಡೆ ಇಲ್ಲ, ಕುರ್ಚಿ ಪ್ಲಾಸ್ಟಿಕ್‌ದು. ನೆಲದ ಮೇಲೆ ಒಂದು ಹಳದಿ ಗೆರೆ ಇದೆ, ಅದನ್ನು ನಾವಾಗೇ ದಾಟುವಂತಿಲ್ಲ. ಆದರೆ ಜಾಬ್ ಕಾರ್ಡ್ (ಮಾಡಬೇಕಾದ ಕೆಲಸಗಳ ಚೀಟಿ) ಬರೆಯುವಾಗಲೇ ಅಡ್ವೈಸರ್ ಕೇಳಿದರು, ‘ಚಕ್ರ ಬಿಚ್ಚಿದಾಗ ಒಮ್ಮೆ ಕರೀಲೇನ್ರಿ?’ ಕರೆದರು. ತಲೆಗೆ ಹೆಲ್ಮೆಟ್ ಕೊಟ್ಟರು, ಶೂ ಇದೆಯಾ ಅಂತ ನೋಡಿದರು, ಜೊತೆಗೇ ಕರೆದುಕೊಂಡು ಹೋದರು. ಒಳಗಿದ್ದದ್ದು ಐದೇ ನಿಮಿಷ.

ಎಡಗಡೆ ಮುಂದಿನ ಚಕ್ರ ಬಿಚ್ಚಿಟ್ಟಿದ್ದರು. ಮೆಕ್ಯಾನಿಕ್ ಪ್ಯಾಡ್‌ಗಳನ್ನು ಒತ್ತಿ ಹಿಡಿಯುವ ಬ್ರೇಕ್ ಕ್ಯಾಲಿಪರ್ ಎತ್ತಿ ಎರಡೂ ಪ್ಯಾಡ್ ಕೈಗೆ ಕೊಟ್ಟ. ಹೊಸ ಪ್ಯಾಡ್ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತದೆ. ಹೊರಗಿನ ಪ್ಯಾಡ್ ಇನ್ನೂ 6 ಇತ್ತು. ಒಳಗಿನದು 3. ಒಂದು ಬಿಸ್ಕೆಟ್ಟು, ಇನ್ನೊಂದು ಅರ್ಧ ತಿಂದ ಬಿಸ್ಕೆಟ್ಟು. ಯಾಕೆ ಹೀಗೆ ಅಂತ ಕೇಳಿದೆ. ಕ್ಯಾಲಿಪರ್ ಆಚೀಚೆ ಜಾರಬೇಕಾದ ಪಿನ್ ತೋರಿಸಿದ. ಗ್ರೀಸ್ ಒಣಗಿ ಪಿನ್ ಹಿಡಿದುಕೊಂಡಿತ್ತು. ಪಿನ್ ಜಾರದಿದ್ದರೆ ಪಿಸ್ಟನ್ ಇರುವ ಒಳಗಡೆಯ ಪ್ಯಾಡೇ ಜಾಸ್ತಿ ಸವೆಯುತ್ತದೆ. ನನ್ನ ಕೈಗೇ ಕೊಟ್ಟು ತಿರುಗಿಸಿ ನೋಡ್ರಿ ಅಂದ. ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಚಕ್ರ ಹಾಕಿದ್ದರೆ ಕಡ್ಡಿಗಳ ಸಂದಿಯಿಂದ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಹಿಂದಿನ ಸರ್ವಿಸ್ ಚೀಟಿಯಲ್ಲಿ ‘ಬ್ರೇಕ್ ಪ್ಯಾಡ್ ಓಕೆ’ ಅಂತ ಟಿಕ್ ಇತ್ತು. ಹೊರಗಿನಿಂದ ನೋಡಿದವನಿಗೆ ಓಕೆನೇ. ಸುಳ್ಳು ಹೇಳಿದ ಅನ್ನಲಾರೆ, ಚಕ್ರ ಬಿಚ್ಚಿರಲಿಲ್ಲ ಅನ್ನಬಹುದು. ಪ್ಯಾಡ್ ಬದಲಿಸಿದರು, ಪಿನ್ ತೊಳೆದು ಹೊಸ ಗ್ರೀಸ್ ಹಚ್ಚಿದರು, ಹಳೆ ಪ್ಯಾಡ್‌ಗಳನ್ನು ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟರು.

ಇಲ್ಲಿಯೂ ಎಡವಟ್ಟು ಇಲ್ಲ ಅಂತಲ್ಲ. ಶನಿವಾರ, ಭಾನುವಾರ ಗದ್ದಲ ಇದ್ದಾಗ ಗೆರೆ ದಾಟಿಸುವುದಿಲ್ಲ, ವಾರದ ದಿನ ರಜೆ ಹಾಕಿಯೇ ಹೋಗಬೇಕು. ಇನ್ನೊಂದು ಮಜಾ ಇದೆ. ಕಣ್ಣಾರೆ ತೋರಿಸಿದರೆ ಬೇಡ ಅನ್ನೋಕೆ ಬಾಯಿ ಬರುವುದಿಲ್ಲ. ಏರ್ ಫಿಲ್ಟರ್ ತಟ್ಟಿದಾಗ ಅಣ್ಣಿಗೇರಿ ಕಡೆಯ ಎರೆಮಣ್ಣಿನ ಧೂಳು ಬೊಗಸೆ ತುಂಬ ಬಿತ್ತು, ಕೂಡಲೇ ಹೊಸದು ಹಾಕ್ರಿ ಅಂದುಬಿಟ್ಟೆ. ಅದು ಇನ್ನೂ ಒಂದಷ್ಟು ದಿನ ಬರುತ್ತಿತ್ತು ಅಂತ ಆಮೇಲೆ ಅನ್ನಿಸಿತು. ತೋರಿಸುವವನು ಮಾರುವವನೂ ಹೌದು, ಮರೆಯಬಾರದು.

ಗದಗಿನ ಗ್ಯಾರೇಜು ಈ ಮೂರಕ್ಕೂ ಪೂರ್ತಿ ತಿರುಗುಮುರುಗು. ಮುಳಗುಂದ ನಾಕಾ ಹತ್ತಿರ, ಒಂದು ತಗಡಿನ ಶೆಡ್ಡು. ಗೆರೆ ಇಲ್ಲ, ಬಾಗಿಲೇ ಇಲ್ಲ. ಹಳೆ ಟೈರ್ ಮೇಲೆ ಕೂತರೆ ಕೈಗೆ ಟಾರ್ಚ್ ಬರುತ್ತದೆ. ಅತ್ತೆ ಮನೆಗೆ ಹೋದಾಗ ಮುಂದಿನಿಂದ ‘ಕಟ್ ಕಟ್’ ಸದ್ದು ಶುರುವಾಗಿತ್ತು, ಸಣ್ಣ ತಗ್ಗಿನಲ್ಲಿ ಮಾತ್ರ. ಮೇಸ್ತ್ರಿ ಮೊದಲು ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆದರು. ಆಮೇಲೆ ಅಡಿಯಲ್ಲಿ ಸ್ಟೆಬಿಲೈಸರ್ ಲಿಂಕ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳನ್ನು ಜೋಡಿಸುವ ಕೊಂಡಿ) ಮೇಲೆ ನನ್ನ ಬೆರಳು ಇಡಿಸಿ ಸಲಾಕೆಯಿಂದ ಮೀಟಿದರು. ಬೆರಳಿಗೇ ಆ ‘ಕಟ್’ ತಾಕಿತು. ಡೀಲರ್ ಹತ್ತಿರ ಸದ್ದಿನ ಬಗ್ಗೆ ಹೇಳಿದರೆ ಜಾಬ್ ಕಾರ್ಡಿನಲ್ಲಿ ‘ಮುಂದೆ ಶಬ್ದ’ ಅಂತ ಎರಡು ಪದ ಬರುತ್ತದೆ. ಆ ಎರಡು ಪದ ಓದಿ ಒಳಗಿನವನು ಏನು ಹುಡುಕಬೇಕು?

ಆದರೆ ಅಲ್ಲೇ ನನಗೆ ಡೀಲರ್‌ಗಳ ರೂಲ್ಸ್ ಅರ್ಥವಾದದ್ದು ಕೂಡ. ಕಾರು ನಿಂತಿದ್ದದ್ದು ಬರೀ ಜಾಕ್ ಮೇಲೆ. ನಾನು ಕೇಳಿದ ಮೇಲೆ ಬಿಚ್ಚಿದ ಚಕ್ರವನ್ನೇ ಅಡಿಗೆ ತಳ್ಳಿದರು. ಚಕ್ರದ ನಟ್ ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚ್ ಇಲ್ಲ, ಪಾನಾ ಮೇಲೆ ಹತ್ತಿ ನಿಂತು ಬಿಗಿ ಮಾಡುವುದು. ನಾನೂ ಸುಮ್ನೆ ಇರದೆ ಮಾತಾಡಿಸುತ್ತಲೇ ಇದ್ದೆ. ಮೇಸ್ತ್ರಿ ಎಂಜಿನ್ ಆಯಿಲ್ ಸ್ವಲ್ಪ ಸೇರಿಸಿ, ಮುಚ್ಚಳವನ್ನು ಬ್ಯಾಟರಿ ಮೇಲಿಟ್ಟು, ನನ್ನ ಪ್ರಶ್ನೆಗೆ ಉತ್ತರ ಕೊಡುತ್ತಾ ಬಾನೆಟ್ ಹಾಕಿಬಿಟ್ಟರು. ಹತ್ತು ಹೆಜ್ಜೆ ಹೋದ ಮೇಲೆ ಅವರಿಗೇ ನೆನಪಾಗಿ ಓಡಿ ಬಂದರು. ತಪ್ಪು ಯಾರದ್ದು? ಅರ್ಧ ನನ್ನದೇ. ಬಿಲ್ಲೂ ಇಲ್ಲ. ಡೀಲರ್ ಹತ್ತಿರ ಏನಾದರೂ ಆದರೆ ಕಾಗದ ಹಿಡಿದು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಇಲ್ಲಿ ಮೇಸ್ತ್ರಿಯ ಮಾತೇ ಗ್ಯಾರಂಟಿ. ಅವರು ಸರಿಮಾಡಿದ ಲಿಂಕ್ ಮಾತ್ರ ಇವತ್ತಿಗೂ ಸದ್ದು ಮಾಡಿಲ್ಲ.

ಹಾಗಾಗಿ ಈಗ ಹೀಗೆ ಮಾಡುತ್ತೇನೆ. ಸದ್ದು, ಅಲುಗಾಟ ಇದ್ದರೆ ಗದಗಿನ ಮೇಸ್ತ್ರಿ, ಬಾಯಿ ಮುಚ್ಚಿಕೊಂಡು ಟಾರ್ಚ್ ಹಿಡಿಯುವ ಕರಾರಿನ ಮೇಲೆ. ಸರ್ವಿಸ್ ಮತ್ತು ಬ್ರೇಕಿಗೆ ಧಾರವಾಡ. ಅರ್ಜೆಂಟ್ ಇದ್ದು ಗಾಜಿನ ಡೀಲರ್ ಹತ್ತಿರವೇ ಹೋಗಬೇಕಾದರೆ ಜಾಬ್ ಕಾರ್ಡಿಗೆ ಸಹಿ ಹಾಕುವ ಮೊದಲೇ ಎರಡು ಸಾಲು ಬರೆಸುತ್ತೇನೆ: ಚಕ್ರ ಬಿಚ್ಚಿದಾಗ ಕರೆಯಬೇಕು, ಹಳೆ ಪಾರ್ಟ್ ವಾಪಸ್ ಕೊಡಬೇಕು. ಸಹಿ ಆದ ಮೇಲೆ ಕೇಳಿದರೆ ರೂಲ್ಸ್ ನೆನಪಾಗುತ್ತದೆ, ಮೊದಲೇ ಕೇಳಿದರೆ ಫ್ಲೋರ್ ಮ್ಯಾನೇಜರ್ ಸಿಗುತ್ತಾರೆ. ಹೋದ ತಿಂಗಳು ಹೀಗೇ ಮಾಡಿದೆ, ಮುಖ ಗಂಟು ಹಾಕಿಕೊಂಡೇ ಒಳಗೆ ಕರೆದುಕೊಂಡು ಹೋದರು. ನಾಲ್ಕು ನಿಮಿಷ ಸಿಕ್ಕಿತು, ಸಾಕಾಯ್ತು.

ಮುಂದಿನದು 50,000 ಕಿಲೋಮೀಟರ್ ಸರ್ವಿಸ್. ಧಾರವಾಡದಲ್ಲಿ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಜಾಗ ಸಿಕ್ಕಿದೆ. ಶೂ ಹಾಕಿಕೊಂಡು ಹೋಗಬೇಕು.