ನೆಡಿಬಿ ಜೊತೆ ನಾಲ್ಕು ವರ್ಷ

ದಾಸ್ತಾನು ಲೆಕ್ಕ ಇಡುವ ಒಂದು ಎಲೆಕ್ಟ್ರಾನ್ (ಜಾವಾಸ್ಕ್ರಿಪ್ಟ್‌ನಲ್ಲಿ ಡೆಸ್ಕ್‌ಟಾಪ್ ಆ್ಯಪ್ ಬರೆಯುವ ಸಾಧನ) ಆ್ಯಪ್‌ಗೆ ನಾಲ್ಕು ವರ್ಷದಿಂದ ನೆಡಿಬಿ (NeDB) ಬಳಸುತ್ತಿದ್ದೇನೆ. ಆ್ಯಪ್ ಒಳಗೇ ಓಡುವ, ಫೈಲಿನಲ್ಲಿ ಡೇಟಾ ಇಡುವ ಪುಟ್ಟ ಡೇಟಾಬೇಸ್ ಇದು. ಮೊದಲು ಲೋಡಿಬಿ ಅನ್ನೋ ಇನ್ನೊಂದು ಪುಟ್ಟ ಡೇಟಾಬೇಸ್ ಹಾಕಿದ್ದೆ. ಅದು ಸೇವ್ ಮಾಡಿದಾಗೆಲ್ಲ ಇಡೀ ಜೇಸನ್ ಫೈಲನ್ನೇ ಮತ್ತೆ ಬರೆಯುತ್ತದೆ. ಸೆಟ್ಟಿಂಗ್ಸ್ ಇಡೋಕೆ ಪರವಾಗಿಲ್ಲ, ದಿನಕ್ಕೆ ನೂರಾರು ಎಂಟ್ರಿ ಬೀಳುವ ಕಡೆ ಸರಿಹೋಗಲಿಲ್ಲ. ಬೆಟರ್ ಎಸ್‌ಕ್ಯೂಲೈಟ್ (better-sqlite3, ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸೋಕೆ ಇರುವ ಪ್ಯಾಕೇಜ್) ಕೂಡ ನೋಡಿದೆ, ಆದರೆ ಎಲೆಕ್ಟ್ರಾನ್ ವರ್ಷನ್ ಏರಿಸಿದಾಗ ಅದರ ನೇಟಿವ್ (ಸಿ++) ಭಾಗವನ್ನು ಮತ್ತೆ ಬಿಲ್ಡ್ ಮಾಡುವ ಕಾಟ ಬೇಡ ಅನ್ನಿಸಿತು. ನೆಡಿಬಿ ಪೂರ್ತಿ ಜಾವಾಸ್ಕ್ರಿಪ್ಟ್. ಕ್ವೆರಿ (ಡೇಟಾ ಹುಡುಕುವ ಷರತ್ತು) ಬರೆಯೋದು ಮೊಂಗೋಡಿಬಿ ಅನ್ನೋ ದೊಡ್ಡ ಡೇಟಾಬೇಸ್ ಥರವೇ, ಅದರಲ್ಲಿ ಇರೋದೆಲ್ಲ ಇಲ್ಲಿಲ್ಲ ಅಷ್ಟೇ.

ಇದರ ಫೈಲ್ ಒಂಥರಾ ಕಿರ್ದಿ ಪುಸ್ತಕ ಇದ್ದ ಹಾಗೆ. ಹೊಸದು ಸೇರಿಸಿದರೆ ಕೊನೆಗೆ ಒಂದು ಸಾಲು. ತಿದ್ದಿದರೂ ಕೊನೆಗೇ ಇನ್ನೊಂದು ಸಾಲು. ಅಳಿಸಿದರೆ 'ಈ ಐಡಿ ಡಿಲೀಟೆಡ್' ಅಂತ ಮತ್ತೊಂದು. ಹಳೆಯ ಸಾಲು ಇದ್ದಲ್ಲೇ ಇರುತ್ತದೆ. ಆ್ಯಪ್ ಶುರುವಾದಾಗ ಇದನ್ನೆಲ್ಲ ಓದಿ, ಕೊನೆಗೆ ಉಳಿದಿದ್ದನ್ನು ಮೆಮೊರಿಗೆ ತಂದುಕೊಂಡು, ಫೈಲನ್ನು ಚೊಕ್ಕ ಮಾಡಿ ಬರೆಯುತ್ತದೆ. ಇದೇ ಕಾಂಪ್ಯಾಕ್ಷನ್.

ಇದು ಗೊತ್ತಿದ್ದಿದ್ದರಿಂದಲೇ ಒಂದು ಸಲ ಬಚಾವಾದೆ. ಟೆಸ್ಟ್ ಡೇಟಾ ಅಂದುಕೊಂಡು ಅಸಲಿ ಫೈಲ್ ಮೇಲೆ ಖಾಲಿ ಕ್ವೆರಿ (ಅಂದ್ರೆ ಎಲ್ಲಾ ಎಂಟ್ರಿ) ಕೊಟ್ಟು, ಒಂದನ್ನಲ್ಲ ಎಲ್ಲವನ್ನೂ ಅಳಿಸುವ ಮಲ್ಟಿ ಆಯ್ಕೆ ಆನ್ ಮಾಡಿ ರಿಮೂವ್ ಓಡಿಸಿಬಿಟ್ಟೆ. ಎಲ್ಲಾ ಮಾಯ! ಪುಣ್ಯಕ್ಕೆ ಆಗಾಗ ತಾನೇ ಕಾಂಪ್ಯಾಕ್ಷನ್ ಮಾಡುವ ಆಟೋಕಾಂಪ್ಯಾಕ್ಷನ್ ಹಾಕಿರಲಿಲ್ಲ. ಆ್ಯಪ್ ನಿಲ್ಲಿಸಿದೆ, ಫೈಲನ್ನು ಕಾಪಿ ಮಾಡಿಟ್ಟೆ, ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ಕೊನೆಯಲ್ಲಿದ್ದ ಡಿಲೀಟೆಡ್ ಸಾಲುಗಳನ್ನು ಕಿತ್ತುಹಾಕಿ ಮತ್ತೆ ಶುರು ಮಾಡಿದೆ, ಒಂದೂ ಬಿಡದೆ ಎಲ್ಲಾ ವಾಪಸ್ ಬಂತು. ಅದೇ ಗಾಬರಿಯಲ್ಲಿ ಸುಮ್ನೆ ರೀಸ್ಟಾರ್ಟ್ ಮಾಡಿದ್ದರೆ ಕಥೆ ಮುಗೀತಿತ್ತು, ಯಾಕಂದ್ರೆ ಲೋಡ್ ಆಗುವಾಗಲೇ ಕಾಂಪ್ಯಾಕ್ಷನ್ ಆಗಿಬಿಡುತ್ತದೆ. ಕೈಯಾರೆ ಎಡಿಟ್ ಮಾಡುವವರು ಹುಷಾರಾಗಿರಿ, ಶೇಕಡಾ 10ಕ್ಕಿಂತ ಜಾಸ್ತಿ ಸಾಲು ಕೆಟ್ಟಿದ್ದರೆ ಅದು ಲೋಡ್ ಆಗೋದೇ ಇಲ್ಲ. ಆ ಮಿತಿಯನ್ನು ಬದಲಾಯಿಸಬಹುದು.

ಇನ್ನೊಂದು ಸಲ ಅಷ್ಟು ಅದೃಷ್ಟ ಇರಲಿಲ್ಲ. ರಾತ್ರಿ ರಿಪೋರ್ಟ್ ತೆಗೆಯೋಕೆ ಬೇರೆ ನೋಡ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ Node.js) ಸ್ಕ್ರಿಪ್ಟ್ ಬರೆದು ಅದೇ ಫೈಲನ್ನು ತೆರೆದೆ. ಲಾಕ್ ಅನ್ನೋದೇ ಇಲ್ಲ ಇದರಲ್ಲಿ. ಎರಡು ಪ್ರೋಸೆಸ್‌ಗಳಿಗೂ ಮೆಮೊರಿಯಲ್ಲಿ ಅವರವರ ಪ್ರತಿ, ಒಂದು ಬರೆದಿದ್ದು ಇನ್ನೊಂದಕ್ಕೆ ಕಾಣಿಸೋದಿಲ್ಲ. ಒಂದು ಕಾಂಪ್ಯಾಕ್ಟ್ ಮಾಡಿದಾಗ ತನ್ನ ಪ್ರತಿಯನ್ನೇ ಫೈಲ್ ಮೇಲೆ ಬರೆದುಬಿಡುತ್ತದೆ, ಇನ್ನೊಂದರ ಹೊಸ ಸಾಲುಗಳು ಹೋದವು. ಸ್ಕ್ರಿಪ್ಟ್ ಬರೀ ಓದುತ್ತದೆ ಅಂದುಕೊಂಡಿದ್ದೆ, ಲೋಡ್ ಮಾಡುವುದೂ ಬರೆದ ಹಾಗೇ ಅಂತ ಹೊಳೆಯಲಿಲ್ಲ. ತಪ್ಪು ನನ್ನದೇ. ಅರ್ಧ ದಿನದ ಎಂಟ್ರಿಗಳನ್ನು ಮತ್ತೆ ಕೈಯಲ್ಲಿ ಹಾಕಬೇಕಾಯಿತು. ಈಗ ರಿಪೋರ್ಟ್ ಸ್ಕ್ರಿಪ್ಟ್ ಫೈಲಿನ ಕಾಪಿ ಮೇಲೆ ಓಡುತ್ತದೆ.

ವೇಗದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಎಲ್ಲಾ ಮೆಮೊರಿಯಲ್ಲೇ ಇರೋದರಿಂದ ಸಾವಿರಗಳ ಲೆಕ್ಕದಲ್ಲಿ ತೊಂದರೆ ಕಾಣಲಿಲ್ಲ, ಹುಡುಕುವ ಫೀಲ್ಡ್‌ಗೆ ಇಂಡೆಕ್ಸ್ ಹಾಕಿ ಸಾಕು. ಲಕ್ಷಗಳಿಗೆ ಹೋಗುತ್ತೆ ಅನ್ನೋದಾದರೆ ಬೇರೆ ನೋಡಿ, ಆ್ಯಪ್ ತೆರೆಯೋದೇ ನಿಧಾನವಾಗುತ್ತದೆ.

ನೆಡಿಬಿಯ ಮೂಲ ಪ್ಯಾಕೇಜ್ ಹಾಕಲೇಬೇಡಿ. 2016ರ 1.8.0 ವರ್ಷನ್ನೇ ಕೊನೆ, ನೋಡ್ 23ರಲ್ಲಿ ಅದು ಬಳಸುವ ಹಳೆಯ ಯುಟಿಲ್ ಫಂಕ್ಷನ್‌ಗಳನ್ನೇ ತೆಗೆದಿದ್ದಾರೆ. ನಾನು ಸೀಲ್ಡ್ ತಂಡ ಅದರಿಂದ ಕವಲೊಡೆಸಿ ನೋಡಿಕೊಳ್ಳುತ್ತಿರುವ ಫೋರ್ಕ್‌ಗೆ ಬಂದು ಎರಡು ವರ್ಷ ಆಯಿತು. ಹಳೆಯ ಫೈಲ್ ಹಾಗೇ ತೆರೆಯಿತು, ಪ್ರಾಮಿಸ್ (ಕೆಲಸ ಮುಗಿಯೋದನ್ನು ಕಾಯುವ ಸರಳ ವಿಧಾನ) ಕೂಡ ಸಿಗುತ್ತದೆ, ಕಾಲ್‌ಬ್ಯಾಕ್ ಒಳಗೆ ಕಾಲ್‌ಬ್ಯಾಕ್ ಬರೆಯೋದು ತಪ್ಪಿತು.

ಈ ಆ್ಯಪ್‌ನಲ್ಲಿ ಇದೇ ಇರುತ್ತದೆ. ಈಗ ಶುರು ಮಾಡಿರುವ ಇನ್ನೊಂದಕ್ಕೆ ಮಾತ್ರ ನೋಡ್ 22.5ರಿಂದ ಒಳಗೇ ಬರುತ್ತಿರುವ ಎಸ್‌ಕ್ಯೂಲೈಟ್ ಹಾಕಿದ್ದೇನೆ, ಅಲ್ಲಿ ಎರಡು ಪ್ರೋಸೆಸ್ ಬೇಕೇ ಬೇಕು.