ಹಾವಿನ ಗೂಡಿಗೆ ಥರ್ಮೋಸ್ಟಾಟ್: ದಾವಣಗೆರೆಯಲ್ಲಿ ಬಳಸಿ ನೋಡಿದ್ದು
ನಮ್ಮ ಸಾಕು ಹೆಬ್ಬಾವು ಬಾಲ್ ಪೈಥಾನ್‌ಗೆ ಆನ್‌ಲೈನ್‌ನಲ್ಲಿ ತರಿಸಿದ ಡಿಜಿಟಲ್ ಥರ್ಮೋಸ್ಟಾಟ್ (ಬಿಸಿ ಹೆಚ್ಚಾದರೆ ಹೀಟರ್ ಆಫ್, ಕಡಿಮೆಯಾದರೆ ಆನ್ ಮಾಡುವ ಸಾಧನ) ಚೆನ್ನಾಗಿದೆ, ಧೈರ್ಯವಾಗಿ ತಗೊಳ್ಳಿ. ಇದಿಲ್ಲದೆ ಹೀಟ್ ಮ್ಯಾಟನ್ನು (ಗೂಡು ಬೆಚ್ಚಗಿಡುವ ಕರೆಂಟಿನ ಹಾಸು) ನೇರ ಪ್ಲಗ್‌ಗೆ ಹಾಕಲೇಬೇಡಿ, ಹಾವಿನ ಹೊಟ್ಟೆ ಸುಟ್ಟುಹೋಗಬಹುದು. ಬೆಚ್ಚಗಿನ ಬದಿ 32 ಡಿಗ್ರಿ, ತಂಪು ಬದಿ 26 ಇಟ್ಟಿದ್ದೇನೆ. ಆದರೆ ದಾವಣಗೆರೆಯ ಬೇಸಿಗೆಯಲ್ಲಿ ಮ್ಯಾಟ್ ಆನ್ ಆಗುವುದೇ ಅಪರೂಪ, ಆಗ ರೂಮನ್ನು ತಂಪಾಗಿಡುವುದೇ ದೊಡ್ಡ ಕೆಲಸ, ಕರೆಂಟ್ ಹೋದರಂತೂ ಇನ್ನೂ ಕಷ್ಟ ಅಲ್ವಾ.

ಜೊತೆಗೆ ಬಂದ ತೇವಾಂಶದ ಮೀಟರ್ ಮಾತ್ರ ಸರಿಯಿಲ್ಲ. ಒದ್ದೆ ಉಪ್ಪಿನ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಶೇ. 75 ತೋರಿಸಬೇಕು, ಇದು 66 ತೋರಿಸಿತು. ಬೇರೆ ಕೊಳ್ಳಿ. ಈ ಹಾವಿಗೆ ಶೇ. 60ರಷ್ಟು ತೇವ ಬೇಕು, ಪೊರೆ ಬಿಡುವಾಗ ಇನ್ನೂ ಜಾಸ್ತಿ, ಕಡಿಮೆಯಾದರೆ ಪೊರೆ ತುಂಡುತುಂಡಾಗಿ ಬರುತ್ತದೆ, ನೋಡಲು ಸಂಕಟವಾಗುತ್ತದೆ. ಸುಮ್ನೆ ನೀರು ಚಿಮುಕಿಸುವ ಬದಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ದಪ್ಪಗೆ ಹಾಸಿ, ತಳಕ್ಕೆ ನೀರು ಹಾಕಿ.