ಹಳೆಯ 407ರ ಹಿಂದಿನ ಆಕ್ಸಲ್: ಕುಶಾಲನಗರದಲ್ಲಿ ಮಾಡಿಸಿದ ದುರಸ್ತಿ

ನಮ್ಮ ತೋಟದ ಹಳೆಯ ಟಾಟಾ 407 ಲಾರಿ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಹಿಂದಿನ ಚಕ್ರಗಳನ್ನು ಹೊತ್ತು ತಿರುಗಿಸುವ ಆಕ್ಸಲ್‌ನಿಂದ ಊಳಿಡುವ ಸದ್ದು ಬರತೊಡಗಿದ್ದರಿಂದ, ಅರೇಬಿಕಾ ಕೊಯ್ಲಿಗೆ ಮೊದಲೇ ಅದನ್ನು ಕುಶಾಲನಗರದ ಒಂದು ಸಣ್ಣ ಗ್ಯಾರೇಜಿಗೆ ಒಪ್ಪಿಸಿದೆವು. ಮೊದಲು ವಿಚಾರಿಸಿದ ಕಡೆ ಆಕ್ಸಲನ್ನು ಪೂರ್ತಿ ಬದಲಿಸಬೇಕೆಂದು ಹೇಳಿದ್ದರು. ಇಲ್ಲಿ ಬಿಚ್ಚಿ ನೋಡದೆ ಬೆಲೆ ಹೇಳುವುದಿಲ್ಲ ಎಂದರು; ನನಗೆ ವಿಶ್ವಾಸ ಹುಟ್ಟಿದ್ದು ಆ ಮಾತಿನಿಂದಲೇ.

ಮೇಸ್ತ್ರಿ ಮೊದಲು ಕೈಯಿಟ್ಟದ್ದು ಗೇರ್‌ಬಾಕ್ಸಿನ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಬಾಗುವ ಕೀಲು) ಮತ್ತು ಅದನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗಿಗೆ. ಇವು ಸವೆದರೂ ಹಿಂದಿನಿಂದಲೇ ಸದ್ದು ಬರುವುದರಿಂದ, ಕಡಿಮೆ ಖರ್ಚಿನ ಈ ಭಾಗಗಳನ್ನು ನೋಡದೆ ಆಕ್ಸಲ್ ನಡುವಿನ ಗೇರುಗಳ ಜೋಡಣೆಯಾದ ಡಿಫರೆನ್ಷಿಯಲ್ ಬಿಚ್ಚುವುದು ದುಡ್ಡು ದಂಡ ಮಾಡಿಕೊಂಡಂತೆ. ಅವೆರಡೂ ಸರಿಯಿದ್ದವು. ಆಮೇಲೆ ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಎಡಗಡೆಯ ಚಕ್ರದ ನಡುಭಾಗವಾದ ಹಬ್‌ನಲ್ಲಿ ಸಡಿಲಿಕೆ ಎದ್ದು ಕಂಡಿತು. ಈ ಆಕ್ಸಲ್‌ನಲ್ಲಿ ಗಾಡಿಯ ಭಾರವನ್ನು ಹೊರಕವಚವಾದ ಹೌಸಿಂಗ್ ಹೊರುತ್ತದೆ, ಒಳಗಿನ ಶಾಫ್ಟ್ ಚಕ್ರವನ್ನು ತಿರುಗಿಸುವುದಷ್ಟೇ. ಹಾಗಾಗಿ ತುದಿಯ ಬೋಲ್ಟುಗಳನ್ನು ಬಿಚ್ಚಿ, ಚಕ್ರ ಕಳಚದೆಯೇ ಶಾಫ್ಟನ್ನು ಹೊರಗೆಳೆದರು. ಹೌಸಿಂಗ್‌ನಿಂದ ಇಳಿದ ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಮೇಲಿನ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ದಾರಿ) ಕೆಸರಿನಿಂದ ಕಟ್ಟಿಕೊಂಡು, ಬಿಸಿಯಾದಾಗ ಒಳಗಿನ ಒತ್ತಡವು ಸೀಲ್‌ಗಳನ್ನು ತಳ್ಳಿ ಆಯಿಲನ್ನು ಬ್ರೇಕ್ ಲೈನರ್ ಮೇಲೆ ಹರಿಸಿದ್ದರೆ, ತಣ್ಣಗಾಗುವಾಗ ಅದೇ ದಾರಿಯಲ್ಲಿ ನೀರು ಒಳಸೇರಿತ್ತು. ಕೊಡಗಿನ ಮಳೆಗಾಲದಲ್ಲಿ ತೋಟದ ರಸ್ತೆಗಳಲ್ಲಿ ಓಡುವ ಗಾಡಿಗಳ ಮಾಲೀಕರು ಬೆರಳ ಗಾತ್ರದ ಈ ಭಾಗವನ್ನು ಮೊದಲು ನೋಡಬೇಕು.

ಡಿಫರೆನ್ಷಿಯಲ್‌ನ ದೊಡ್ಡ ಗೇರಾದ ಕ್ರೌನಿನ ಹಲ್ಲುಗಳಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಅದನ್ನು ತಿರುಗಿಸುವ ಸಣ್ಣ ಗೇರಾದ ಪಿನಿಯನ್ ಎಲ್ಲಿ ತಾಗುತ್ತದೆ ಎಂಬುದನ್ನು ನನಗೂ ತೋರಿಸಿದರು. ಹಲ್ಲುಗಳಿಗೆ ಏನೂ ಆಗಿರಲಿಲ್ಲ. ಪಿನಿಯನ್ ಬೇರಿಂಗ್ ಸಡಿಲವಾಗಿ, ಇಳಿಜಾರಿನಲ್ಲಿ ಗೇರಿನ ತಡೆಯ ಮೇಲೆ ಗಾಡಿ ಇಳಿಯುವಾಗ ಹಲ್ಲಿನ ಮತ್ತೊಂದು ಮುಖದ ಮೇಲೆ ಭಾರ ಬಿದ್ದು ಸದ್ದು ಬರುತ್ತಿತ್ತು. ಆದ್ದರಿಂದ ಪಿನಿಯನ್ ಬೇರಿಂಗ್‌ಗಳು, ಎರಡೂ ಬದಿಯ ಹಬ್ ಬೇರಿಂಗ್ ಮತ್ತು ಸೀಲ್‌ಗಳು, ಆಯಿಲ್ ಕುಡಿದಿದ್ದ ಲೈನರ್‌ಗಳು ಮಾತ್ರ ಬದಲಾದವು. ಆಯಿಲ್, ಕೂಲಿ ಸೇರಿ ಖರ್ಚು ಸುಮಾರು 30,000 ರೂಪಾಯಿ.

ಎಡಗಡೆ ಬೇರಿಂಗ್ ಕೂರುವ ಜಾಗವೂ ಸ್ವಲ್ಪ ಸವೆದಿತ್ತು. ಇಂತಹ ಜಾಗಕ್ಕೆ ಸೆಂಟರ್ ಪಂಚಿನಿಂದ ಚುಕ್ಕೆ ಹೊಡೆದು ಬೇರಿಂಗ್ ಬಿಗಿಗೊಳಿಸುವ ರೂಢಿ ಹಲವೆಡೆ ಇದೆ. ಅದು ಅಗ್ಗ, ಆದರೆ ಬಾಳಿಕೆ ಬರುವುದಿಲ್ಲ. ನಮ್ಮ ಮೇಸ್ತ್ರಿ ಲೇತ್‌ನಲ್ಲಿ ಸ್ಲೀವ್ (ಸವೆದ ಜಾಗಕ್ಕೆ ತೊಡಿಸುವ ಲೋಹದ ಬಳೆ) ಮಾಡಿಸಿ ಕೂರಿಸಿದರು. ಅದಕ್ಕೆ ಕೊಟ್ಟ ಹಣ ನ್ಯಾಯವಾದದ್ದೇ. ಹೌಸಿಂಗ್‌ನಲ್ಲಿ ಬಿರುಕು ಕಂಡಿದ್ದರೆ ಮಾತ್ರ ವೆಲ್ಡಿಂಗ್ ಬೇಡವೆಂದು ನಾನೇ ಹೇಳುತ್ತಿದ್ದೆ, ಏಕೆಂದರೆ ಘಾಟಿಯಲ್ಲಿ ಮೂಟೆ ಹೇರಿದ ಗಾಡಿಯ ಹೊರೆಯೆಲ್ಲ ಅದರ ಮೇಲಿರುತ್ತದೆ.

ಹಲ್ಲು ಮುರಿದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಕ್ರೌನ್ ಮತ್ತು ಪಿನಿಯನ್‌ಗಳನ್ನು ಒಂದಕ್ಕೊಂದು ಉಜ್ಜಿ ಜೋಡಿಸಿರುವುದರಿಂದ ಒಂದನ್ನೇ ಕೊಳ್ಳುವಂತಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಿಂದ ಜೋಡಿಯಾಗಿಯೇ ತರಿಸಬೇಕು. ಗುಜರಿಯಿಂದ ಇಡೀ ಆಕ್ಸಲ್ ತರುವವರು ಕ್ರೌನಿನ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿ ತಮ್ಮ ಗಾಡಿಯ ಅನುಪಾತಕ್ಕೆ ಸರಿಹೊಂದುತ್ತದೆಯೇ ಎಂದು ನೋಡಬೇಕು, ಡ್ರಮ್ಮಿನ ಅಳತೆಯನ್ನೂ ಹೋಲಿಸಬೇಕು. ಅನುಪಾತ ತಪ್ಪಿದರೆ ಏರಿನಲ್ಲಿ ಎಳೆಯುವ ಶಕ್ತಿಯೇ ಬದಲಾಗುತ್ತದೆ.

ಗ್ಯಾರೇಜಿನ ಬಗ್ಗೆ ನನ್ನ ಆಕ್ಷೇಪ ಎರಡು. ಹೇಳಿದ ದಿನಕ್ಕೆ ಗಾಡಿ ಸಿಗಲಿಲ್ಲ. ಭಾಗಗಳ ಬೆಲೆ ಮತ್ತು ಕೂಲಿಯನ್ನು ಬೇರೆಬೇರೆಯಾಗಿ ಬರೆದ ಬಿಲ್ಲನ್ನು ಕೇಳಿಯೇ ಪಡೆಯಬೇಕಾಯಿತು. ಆದರೆ ಬಿಚ್ಚಿದ ಹಳೆಯ ಬೇರಿಂಗ್‌ಗಳನ್ನೆಲ್ಲ ಗೋಣಿಯಲ್ಲಿ ಕಟ್ಟಿ ಕೊಟ್ಟರು, ಬ್ರೀದರನ್ನು ಹೊಸದಾಗಿ ಹಾಕಿ ಅದಕ್ಕೆ ರಬ್ಬರ್ ಕೊಳವೆ ಜೋಡಿಸಿ ಚಾಸಿಯ ಮೇಲ್ಭಾಗಕ್ಕೆ ಏರಿಸಿದರು. ಈಗ ಲೋಡು ಹೇರಿ ಸಂಪಾಜೆ ಇಳಿದರೂ ಊಳು ಕೇಳಿಸುತ್ತಿಲ್ಲ, ಡ್ರಮ್ಮಿನ ಕೆಳಗೆ ಆಯಿಲ್ ಜಿನುಗುವುದೂ ನಿಂತಿದೆ.